ಬೇದಾಣೆಯ ಊರಿನಲ್ಲಿ ಗ್ರಾನೋಲಾ

ಫೆಬ್ರುವರಿಯ ಬಿಸಿಲು ಬಲಿಯತೊಡಗಿದಂತೆ ತಾಸಗಾಂವ ಭಾಗದ ದ್ರಾಕ್ಷಿ ತೋಟಗಳ ಬದಿಯಲ್ಲಿ ಬಲೆ ಕಟ್ಟಿದ ಶೆಡ್ಡುಗಳು ತುಂಬಿಕೊಳ್ಳುತ್ತವೆ. ಕೊಯ್ದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ವಿಶೇಷ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಹರಡಿ, ನೆರಳಿನಲ್ಲಿ ಸುಮಾರು ಎರಡು ವಾರ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಬೇದಾಣೆ ಸಿಗುತ್ತದೆ. ಆ ದಿನಗಳಲ್ಲಿ ಅಕಾಲ ಮಳೆ ಸುರಿದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಬೆಲೆಯೂ ಬೀಳುತ್ತದೆ. ಒಣಗಿದ ಮಾಲು ತಾಸಗಾಂವ ಮತ್ತು ಸಾಂಗಲಿ ಮಾರುಕಟ್ಟೆಗಳ ಹರಾಜಿಗೆ ಬರುತ್ತದೆ. ವಿಜಯಪುರ ಜಿಲ್ಲೆಯ ಬೆಳೆಗಾರರೂ ತಮ್ಮ ಒಣದ್ರಾಕ್ಷಿಯನ್ನು ಇಲ್ಲಿಗೇ ತರುವುದುಂಟು. ಸಾಂಗಲಿಯ ಬೇದಾಣೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಒಂದು ಕಾಲಕ್ಕೆ ಕಿರಿಯ ಮಿರಜ ಸಂಸ್ಥಾನದ ರಾಜಧಾನಿಯಾಗಿದ್ದ ಬುಧಗಾಂವ, ಸಾಂಗಲಿಯಿಂದ ತಾಸಗಾಂವಕ್ಕೆ ಹೋಗುವ ಇದೇ ದಾರಿಯಲ್ಲಿದೆ. ಬೇದಾಣೆ ಮನೆಯ ಮುಂದೆಯೇ ಸಾಗಿ ಹೋಗುವ ಊರಿನಲ್ಲಿಯೂ ಮಕ್ಕಳ ದಪ್ತರಿನೊಳಗೆ ಹೊಳೆಯುವ ಕಾಗದ ಸುತ್ತಿದ ಗ್ರಾನೋಲಾ ಪಟ್ಟಿಗಳು ಕಾಣಿಸತೊಡಗಿವೆ. ಅಂಗಡಿಯ ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದುವುದು ಒಳ್ಳೆಯದು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಸಕ್ಕರೆಯೋ ಗ್ಲೂಕೋಸ್ ಪಾಕವೋ ಮೊದಲ ಸಾಲಿನಲ್ಲಿದ್ದು, ಹಣ್ಣು-ಬೀಜಗಳು ಕೊನೆಯಲ್ಲಿದ್ದರೆ ಕೊಂಡದ್ದು ಏನೆಂಬುದು ಅಲ್ಲಿಯೇ ತಿಳಿಯುತ್ತದೆ.

ಗ್ರಾನೋಲಾ ಎಂಬ ಹೆಸರು ಅಮೆರಿಕದ್ದು. ನ್ಯೂಯಾರ್ಕ್ ಪ್ರಾಂತ್ಯದ ಡ್ಯಾನ್ಸ್‌ವಿಲ್‌ನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕ್ಯಾಲೆಬ್ ಜಾಕ್ಸನ್ ಎಂಬ ವೈದ್ಯರು 1863ರಲ್ಲಿ ತರಿ ಗೋಧಿ ಹಿಟ್ಟನ್ನು ಬೇಯಿಸಿ, ಪುಡಿಮಾಡಿ ‘ಗ್ರಾನ್ಯುಲಾ’ ಎಂದು ಕರೆದರು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ರಾತ್ರಿಯಿಡೀ ನೆನೆಸದೆ ತಿನ್ನಲಾಗುತ್ತಿರಲಿಲ್ಲ. ಮುಂದೆ ಜಾನ್ ಹಾರ್ವೆ ಕೆಲಾಗ್ ಇಂಥದೇ ತಿನಿಸಿಗೆ ಒಂದಕ್ಷರ ಬದಲಿಸಿ ಈಗಿನ ಹೆಸರನ್ನಿಟ್ಟರು. ಹೆಸರು ಹೊರಗಿನದಾದರೂ ವಸ್ತು ಕನ್ನಡಿಗರಿಗೆ ಹೊಸತೇನಲ್ಲ. ಗೋಕಾಕ ಮತ್ತು ಅಮೀನಗಡಗಳ ಕರದಂಟು ಇದರ ಹಿರಿಯ ಬಂಧು: ಕರಿದ ಅಂಟು, ಒಣ ಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿಗಳನ್ನು ಬೆಲ್ಲದ ಪಾಕ ಹಿಡಿದಿಡುತ್ತದೆ. ಬಾಣಂತಿಗೆ ಕೊಡುವ ಅಂಟಿನುಂಡಿಯೂ ಅದೇ ಮನೆತನದ್ದು. ವ್ಯತ್ಯಾಸವಿಷ್ಟೇ, ಕರದಂಟಿಗೆ ಪಾಕದ ಹದ ಕೈಗೆ ಗೊತ್ತಿರಬೇಕು. ಗ್ರಾನೋಲಾದಲ್ಲಿ ಆ ಕೆಲಸದ ಬಹುಪಾಲನ್ನು ಓವನ್ನಿನ ಬಿಸಿಯೇ ಮಾಡುತ್ತದೆ. ಪಾಕಕ್ಕೆ ಹೆದರುವವರಿಗೆ ಇದು ಸುಲಭ.

ಎಲ್ಲಕ್ಕಿಂತ ಮೊದಲು ಬೇದಾಣೆಯ ಆಯ್ಕೆ. ಹಸಿರು ಬಣ್ಣದ ಉದ್ದನೆಯ ಕಾಳಿಗೆ ಪೇಟೆಯಲ್ಲಿ ಹೆಚ್ಚು ಬೆಲೆ. ಬಣ್ಣ ಒಂದೇ ಸಮನಾಗಿ ಕಾಣಲೆಂದು ಗಂಧಕದ ಹೊಗೆ ಕೊಡುವ ರೂಢಿಯೂ ಇದೆ. ಉಬ್ಬಸವಿರುವ ಕೆಲವು ಮಕ್ಕಳಿಗೆ ಗಂಧಕದ ಅಂಶ ಸರಿಹೋಗುವುದಿಲ್ಲ. ಅಂತಹ ಮನೆಯವರು ಹೊಗೆ ಕೊಡದ ಬೇದಾಣೆಯನ್ನು ಕೇಳಿ ಕೊಳ್ಳಬೇಕು. ಓವನ್ನಿನಲ್ಲಿ ಹಸಿರು ಕಾಳೂ ಕಂದಾಗುವುದರಿಂದ ಹೆಚ್ಚಿನ ಬೆಲೆ ಕೊಟ್ಟು ಬಣ್ಣ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹುಳಿವಾಸನೆ, ಬೂಜು ಇಲ್ಲದ ಕಂದು ಬೇದಾಣೆಯೇ ಸಾಕು. ಬೆಲ್ಲಕ್ಕೂ ಇದೇ ಮಾತು. ತೀರ ಬಿಳಿಚಿದ ಹಳದಿ ಬೆಲ್ಲಕ್ಕೆ ಬಣ್ಣ ತೆಗೆಯುವ ರಾಸಾಯನಿಕ ಹಾಕಿರುವ ಸಂಭವವಿರುತ್ತದೆ. ಮಾಸಲು ಕೆಂಪಿನದೇ ಮೇಲು.

ಎಂಟು ಅಂಗುಲದ ಚೌಕ ತಟ್ಟೆಗೆ ಓಟ್ಸ್ 200 ಗ್ರಾಂ, ಶೇಂಗಾ 100 ಗ್ರಾಂ, ಬೇದಾಣೆ 100 ಗ್ರಾಂ, ಎಳ್ಳು 40 ಗ್ರಾಂ, ಕುಂಬಳ ಅಥವಾ ಸೂರ್ಯಕಾಂತಿ ಬೀಜ 40 ಗ್ರಾಂ, ಬೆಲ್ಲ 180 ಗ್ರಾಂ, ತುಪ್ಪ 50 ಗ್ರಾಂ ಬೇಕು. ಓಟ್ಸ್ ದುಬಾರಿ ಎನಿಸಿದರೆ ಅರ್ಧದಷ್ಟರ ಬದಲು ಗಟ್ಟಿ ಅವಲಕ್ಕಿ ಆಗುತ್ತದೆ. ಜೋಳದ ಅಳ್ಳು ಬಹಳ ಹಗುರ. ತೂಕಕ್ಕೆ ತೂಕ ಹಾಕಿದರೆ ತಟ್ಟೆಯೇ ಸಾಲದು, ಒಂದು ಹಿಡಿ ಸಾಕು.

ಓಟ್ಸ್, ಶೇಂಗಾ, ಎಳ್ಳುಗಳನ್ನು ಬೇರೆ ಬೇರೆಯಾಗಿ ಹುರಿಯಬೇಕು, ಏಕೆಂದರೆ ಎಳ್ಳು ಸಿಡಿದು ಮುಗಿಯುವಾಗ ಶೇಂಗಾ ಇನ್ನೂ ಹಸಿಯಾಗಿರುತ್ತದೆ. ಶೇಂಗಾದ ಸಿಪ್ಪೆ ಕೇರಿ, ಅರ್ಧವನ್ನು ಎಣ್ಣೆ ಬಿಡುವಂತೆ ಕುಟ್ಟಿದರೆ ಪಟ್ಟಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇದಾಣೆಯನ್ನು ತೊಳೆದು, ಐದು ನಿಮಿಷ ಬಿಸಿನೀರಿನಲ್ಲಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಇಲ್ಲವಾದರೆ ಅದು ಓವನ್ನಿನಲ್ಲಿ ಕಲ್ಲಾಗುತ್ತದೆ. ಬೆಲ್ಲಕ್ಕೆ ಎರಡು ದೊಡ್ಡ ಚಮಚ ನೀರು ಹಾಕಿ ಕರಗಿಸಿ, ಸೋಸಿ, ತುಪ್ಪ ಮತ್ತು ಚಿಟಿಕೆ ಉಪ್ಪಿನೊಡನೆ ಒಂದೆರಡು ನಿಮಿಷ ಕುದಿಸಿದರೆ ಸಾಕು. ಚಿಕ್ಕಿಯ ಗಟ್ಟಿ ಪಾಕ ಇಲ್ಲಿ ಬೇಡ. ಎಲ್ಲವನ್ನೂ ಕಲಸಿ, ಕಾಗದ ಹಾಸಿದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಬಲವಾಗಿ ಒತ್ತಬೇಕು. ಪಟ್ಟಿ ಪುಡಿಯಾಯಿತೆಂದು ದೂರುವವರು ಸಾಮಾನ್ಯವಾಗಿ ಸಾಕಷ್ಟು ಒತ್ತಿರುವುದಿಲ್ಲ. ಮೇಲೆ ಕಾಣುವ ಬೇದಾಣೆಗಳನ್ನು ಒಳಕ್ಕೆ ತಳ್ಳದಿದ್ದರೆ ಅವು ಸುಟ್ಟು ಕಹಿಯಾಗುತ್ತವೆ. 160 ಡಿಗ್ರಿ ಬಿಸಿಯಲ್ಲಿ ಸುಮಾರು 25 ನಿಮಿಷ, ಅಂಚು ಕೆಂಪಾಗುವವರೆಗೆ ಬೇಯಿಸಬೇಕು. ಓವನ್ ಇಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಕಾಯಿಸಿ, ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯವರೆಗೆ ಬೇಯಿಸಬಹುದು.

ಹೊರತೆಗೆದಾಗ ಅದು ಮೆತ್ತಗಿರುತ್ತದೆ. ಬೇಯಲಿಲ್ಲವೆಂದು ಮತ್ತೆ ಒಳಗಿಡಬಾರದು. ಹತ್ತು ನಿಮಿಷದ ಬಳಿಕ ಗೆರೆ ಕೊಯ್ದು, ಪೂರ್ತಿ ಆರಿದ ಮೇಲೆ ಬಿಡಿಸಬೇಕು. ಐದು ಸಾಲು, ನಾಲ್ಕು ಕಂಬ, ಒಟ್ಟು ಎಷ್ಟು ತುಂಡು ಎಂಬ ಲೆಕ್ಕವನ್ನು ಮಕ್ಕಳಿಗೇ ಬಿಡಬಹುದು. ಪೇಟೆಯಲ್ಲಿ ಬೇದಾಣಾ, ತೀಳ, ಗೂಳ, ಜವಸ ಎಂದು ಕೇಳಿ ತಂದ ಸಾಮಾನುಗಳಿಗೆ ಒಣದ್ರಾಕ್ಷಿ, ಎಳ್ಳು, ಬೆಲ್ಲ, ಅಗಸಿ ಎಂಬ ಹೆಸರುಗಳು ಮಕ್ಕಳ ಬಾಯಿಗೆ ಬರುವ ಸ್ಥಳವೂ ಈ ಒಲೆಯ ಬದಿಯೇ. ಪಠ್ಯಪುಸ್ತಕದಲ್ಲಿ ಅಗಸಿ ಎಷ್ಟು ಸಲ ಬಂದೀತು?

ಇದು ಔಷಧವೇನಲ್ಲ. ಒಂದೊಂದು ತುಂಡಿನಲ್ಲಿ ಸುಮಾರು 160 ಕ್ಯಾಲರಿಯೂ, ಬೆಲ್ಲ ಮತ್ತು ಬೇದಾಣೆಗಳೆರಡೂ ಸೇರಿ ಹತ್ತು ಗ್ರಾಂಗಿಂತ ತುಸು ಹೆಚ್ಚು ಸಕ್ಕರೆಯೂ ಇರುತ್ತದೆ. ಬಿಡುವಿನ ವೇಳೆಗೆ ಒಂದು ಸಾಕು. ಊಟದ ಬದಲಿಗೆ ಆಗದು. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಅವರ ಪಾಲಿನದನ್ನು ಪೂರ್ತಿ ಕುಟ್ಟಿಯೇ ಹಾಕಬೇಕು. ಶೇಂಗಾ ಅಥವಾ ಎಳ್ಳು ಒಗ್ಗದ ಮಕ್ಕಳು ಇರುತ್ತಾರೆ. ಗೆಳೆಯರೊಡನೆ ಹಂಚುವ ಮೊದಲು ಕೇಳಬೇಕೆಂದು ಹೇಳಿಕೊಟ್ಟಿರಬೇಕು.

ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ವಾರವೊಂದರ ಮಟ್ಟಿಗೆ ಕೆಡುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಬೇಗ ಮೆತ್ತಗಾಗುತ್ತದೆ. ಡಬ್ಬಿಯ ತಳದಲ್ಲಿ ಉಳಿಯುವ ಪುಡಿಯನ್ನು ಬೆಳಗ್ಗೆ ಹಾಲಿಗೋ ಮೊಸರಿಗೋ ಹಾಕಿಕೊಳ್ಳಬಹುದು. ರಾತ್ರಿಯಿಡೀ ನೆನೆಸುವ ಅಗತ್ಯವಿಲ್ಲ.