ಉಕ್ಕಿನ ಫ್ರೇಮು, ಡಿಸ್ಕ್ ಬ್ರೇಕು ಮತ್ತು ಮಿತವಾದ ಹಣ

ಆಗುಂಬೆಯ ಘಾಟಿಯನ್ನು ಮಳೆಗಾಲದಲ್ಲಿ ಬೈಸಿಕಲ್ಲಿನ ಮೇಲೆ ಇಳಿದವರಿಗೆ ಬ್ರೇಕಿನ ಬೆಲೆ ಎಷ್ಟೆಂಬುದನ್ನು ಯಾರೂ ಬೋಧಿಸಬೇಕಾಗಿಲ್ಲ. ತೀರ್ಥಹಳ್ಳಿಯ ಕಡೆಯಿಂದ ಬಂದು ಸೋಮೇಶ್ವರದತ್ತ ಇಳಿಯುವ ಆ ರಸ್ತೆಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಉಪಾಧ್ಯಾಯರಾಗಿರುವ ನಮ್ಮ ಮಿತ್ರರೊಬ್ಬರು ಕಳೆದ ಆಷಾಢದಲ್ಲಿ ಅಲ್ಲಿ ಇಳಿಯುತ್ತಿದ್ದಾಗ, ಎರಡು ಬ್ರೇಕುಗಳನ್ನೂ ಬಲವಾಗಿ ಹಿಡಿದರೂ ಸೈಕಲ್ಲು ನಿಲ್ಲದೆ, ಎದುರು ಬಂದ ಮಿನಿ ಬಸ್ಸಿಗೂ ರಸ್ತೆಯಂಚಿನ ಕಟ್ಟೆಗೂ ನಡುವಣ ಒಂದೆರಡು ಮೊಳದ ಎಡೆಯಲ್ಲಿ ಹೇಗೋ ಪಾರಾಗಿ ಬಂದರು. ಮರುವಾರ ಸೈಕಲ್ಲನ್ನು ನಮ್ಮ ಮನೆಯ ಜಗುಲಿಗೆ ಒರಗಿಸಿ ಎರಡು ಪ್ರಶ್ನೆಗಳನ್ನು ಕೇಳಿದರು: "ಈ ಫ್ರೇಮಿಗೇ ಡಿಸ್ಕ್ ಬ್ರೇಕನ್ನು ಬೆಸೆದು ಕೂರಿಸಲಾಗದೆ? ಆಗದಿದ್ದರೆ, ಮೇಷ್ಟರ ಸಂಬಳಕ್ಕೆ ಎಟುಕುವಂಥ ಉಕ್ಕಿನ ಫ್ರೇಮನ್ನು ಆರಿಸುವುದು ಹೇಗೆ?" ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ನಮಗೆ ತಿಳಿದುಬಂದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ರಿಮ್ಮಿನ ಮೇಲಿನ ನೀರು

ಬ್ರೇಕು ಎಂಬುದು ಚಲನೆಯನ್ನು ಶಾಖವನ್ನಾಗಿ ಮಾರ್ಪಡಿಸುವ ಸಾಧನ. ಸವಾರನೂ ಸೈಕಲ್ಲೂ ಸಾಮಾನೂ ಸೇರಿ 85 ಕಿಲೋಗ್ರಾಂ ತೂಗುತ್ತಾರೆಂದು ಇಟ್ಟುಕೊಳ್ಳೋಣ. ಇಷ್ಟು ಭಾರವು 500 ಮೀಟರು ಕೆಳಕ್ಕಿಳಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕು ಲಕ್ಷ ಜೂಲುಗಳಿಗೂ ಹೆಚ್ಚು. ಒಂದೇಕಾಲು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅದು ಸಾಕು. ಗಾಳಿಯ ತಡೆಯೂ ರಸ್ತೆಯ ತಡೆಯೂ ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ. ಉಳಿದುದೆಲ್ಲವೂ ಬ್ರೇಕಿನ ಪಾಲಿಗೆ ಬರುತ್ತದೆ.

ಹಳೆಯ ಪದ್ಧತಿಯಲ್ಲಿ ಈ ಕೆಲಸವನ್ನು ರಬ್ಬರಿನ ತುಂಡುಗಳು ಚಕ್ರದ ರಿಮ್ಮನ್ನು ಉಜ್ಜಿ ಮಾಡುತ್ತವೆ. ಒಣ ಹವೆಯಲ್ಲಿ ಇದಕ್ಕಿಂತ ಸರಳವೂ ಹಗುರವೂ ಆದ ಏರ್ಪಾಡು ಇನ್ನೊಂದಿಲ್ಲ. ಆದರೆ ರಿಮ್ಮು ರಸ್ತೆಗೆ ಸಮೀಪದಲ್ಲಿರುವುದರಿಂದ ಮಳೆಯಲ್ಲಿ ನೀರು, ಕೆಸರು, ಮರಳು ಎಲ್ಲವೂ ಅದಕ್ಕೆ ಮೆತ್ತಿಕೊಳ್ಳುತ್ತವೆ. ಬ್ರೇಕನ್ನು ಹಿಡಿದಾಗ ಮೊದಲ ಕೆಲವು ಸುತ್ತುಗಳು ಆ ನೀರನ್ನು ಒರಸುವುದರಲ್ಲಿಯೇ ಕಳೆದುಹೋಗುತ್ತವೆ. ಹಿಡಿತ ಸಿಕ್ಕುವುದು ಅನಂತರ. ನಮ್ಮ ಮಿತ್ರರು ಗಾಬರಿಗೊಂಡ ಕ್ಷಣ ಇದೇ. ಅಲ್ಲದೆ ಮರಳು ಪ್ರತಿ ಸಾರಿಯೂ ರಿಮ್ಮನ್ನೇ ಸವೆಸುತ್ತದೆ. ರಿಮ್ಮು ಸವೆದರೆ ಚಕ್ರವನ್ನೇ ಬಿಚ್ಚಿ ಹೊಸದಾಗಿ ಕಡ್ಡಿ ಹಾಕಿಸಬೇಕಾಗುತ್ತದೆ.

ಡಿಸ್ಕ್ ಬ್ರೇಕಿನಲ್ಲಿ ಉಜ್ಜುವ ಸ್ಥಾನ ಚಕ್ರದ ನಡುವಿಗೆ ಸರಿದಿದೆ. ಹಬ್ಬಿನ ಪಕ್ಕದಲ್ಲಿ ತೆಳುವಾದ ಉಕ್ಕಿನ ಬಿಲ್ಲೆಯೊಂದಿರುತ್ತದೆ. ಕ್ಯಾಲಿಪರೆಂಬ ಇಕ್ಕಳವು ಅದನ್ನು ಎರಡು ಕಡೆಯಿಂದಲೂ ಅದುಮುತ್ತದೆ. ಬಿಲ್ಲೆ ಕೆಸರಿನಿಂದ ದೂರವಿದೆ, ಅದುಮುವ ಪ್ಯಾಡುಗಳು ಅದಕ್ಕೆ ಅತಿ ಸಮೀಪವಾಗಿವೆ, ಬಿಲ್ಲೆಯಲ್ಲಿರುವ ರಂಧ್ರಗಳು ನೀರನ್ನು ಕಳೆಯಲು ನೆರವಾಗುತ್ತವೆ. ಸವೆದಾಗ ಬಿಲ್ಲೆಯೊಂದನ್ನೇ ಬದಲಾಯಿಸಿದರೆ ಸಾಕು. ಇದು ಹೊಸ ಕಲ್ಪನೆಯೇನೂ ಅಲ್ಲ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಮೋಟಾರು ಗಾಡಿಗಾಗಿ ಇದರ ಪೇಟೆಂಟನ್ನು ಪಡೆದಿದ್ದನು. ರಸ್ತೆಯ ಸೈಕಲ್ ಪಂದ್ಯಗಳಲ್ಲಿ ಮಾತ್ರ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಇದಕ್ಕೆ ಖಾಯಂ ಒಪ್ಪಿಗೆಯನ್ನಿತ್ತದ್ದು 2018ರ ಜುಲೈಯಲ್ಲಿ.

ಬಿಲ್ಲೆ ಚಿಕ್ಕದು, ಬಲ ದೊಡ್ಡದು

ಹಾಗಾದರೆ ಹಳೆಯ ಫ್ರೇಮಿಗೇ ಒಂದು ಕಿವಿಯನ್ನು ಬೆಸೆದು ಕ್ಯಾಲಿಪರನ್ನು ಕೂರಿಸಿದರೇನು? ಇಲ್ಲಿ ಸನ್ನೆಕೋಲಿನ ಲೆಕ್ಕ ಅಡ್ಡ ಬರುತ್ತದೆ. ಸವಾರನೂ ಸೈಕಲ್ಲೂ ಸೇರಿ 80 ಕಿಲೋಗ್ರಾಂ ಇದ್ದು, ಗಂಟೆಗೆ 36 ಕಿಲೋಮೀಟರು ವೇಗದಿಂದ ಸುಮಾರು 10 ಮೀಟರು ದೂರದೊಳಗೆ ನಿಲ್ಲಬೇಕೆಂದರೆ ಟೈರಿಗೂ ರಸ್ತೆಗೂ ನಡುವೆ 40 ಕಿಲೋಗ್ರಾಂ ತೂಕದಷ್ಟು ತಡೆ ಬೇಕು. ಇದರಲ್ಲಿ ಹೆಚ್ಚಿನ ಪಾಲು ಮುಂಚಕ್ರದ್ದು. ಲೆಕ್ಕ ಸುಲಭವಾಗಲೆಂದು ಪೂರ್ತಿಯಾಗಿ ಅದರದೇ ಎನ್ನೋಣ. ಚಕ್ರದ ತ್ರಿಜ್ಯ ಸುಮಾರು 34 ಸೆಂಟಿಮೀಟರು. ರಿಮ್ಮಿನ ಬ್ರೇಕು ನಡುವಿನಿಂದ 31 ಸೆಂಟಿಮೀಟರು ದೂರದಲ್ಲಿ ಹಿಡಿಯುವುದರಿಂದ ಅದರ ಮೇಲೆ ಬೀಳುವ ಎಳೆತ 44 ಕಿಲೋಗ್ರಾಮಿನಷ್ಟು. ಆದರೆ 160 ಮಿಲಿಮೀಟರು ವ್ಯಾಸದ ಬಿಲ್ಲೆಯಲ್ಲಿ ಪ್ಯಾಡು ಹಿಡಿಯುವುದು ನಡುವಿನಿಂದ ಕೇವಲ 7 ಸೆಂಟಿಮೀಟರಿನ ಆಸುಪಾಸಿನಲ್ಲಿ. ಅಲ್ಲಿ ಅದೇ ಕೆಲಸಕ್ಕೆ ಸುಮಾರು 190 ಕಿಲೋಗ್ರಾಮಿನಷ್ಟು ಬಲ ಬೇಕಾಗುತ್ತದೆ. ಈ ಬಲವನ್ನೆಲ್ಲ ಹೊರಬೇಕಾದುದು ಫೋರ್ಕಿನ ಎಡಗಾಲೊಂದೇ. ಅದೂ ತುದಿಯ ಸಮೀಪದಲ್ಲಿ, ಎಲ್ಲಿ ಹಳೆಯ ಫೋರ್ಕು ಅತ್ಯಂತ ಸಪೂರವಾಗಿರುತ್ತದೋ ಅಲ್ಲಿ.

ಹಿಂಭಾಗದಲ್ಲಿಯೂ ಇದೇ ಕಥೆ. ಅಲ್ಲಿಯ ಕೊಳವೆಯ ಗೋಡೆ ಒಂದು ಮಿಲಿಮೀಟರಿಗಿಂತಲೂ ತೆಳುವು. ನಾವು ಮಿತ್ರರೊಡನೆ ಪರಿಚಿತ ಬೆಸುಗೆಗಾರರೊಬ್ಬರ ಬಳಿಗೆ ಹೋದೆವು. ಅವರು ಕೊಳವೆಯನ್ನು ಉಗುರಿನಿಂದ ತಟ್ಟಿ ಸದ್ದನ್ನು ಆಲಿಸಿ, "ಇದಕ್ಕೆ ಕಿವಿ ಅಂಟಿಸುವುದು ಕಷ್ಟವಲ್ಲ ಸ್ವಾಮಿ, ಅಂಟಿಸಿದ ಕಿವಿ ಒಂದು ದಿನ ಕೊಳವೆಯನ್ನೇ ಹರಿದುಕೊಂಡು ಬಂದೀತು. ಆ ಪಾಪ ನನಗೆ ಬೇಡ" ಎಂದರು. ಯಂತ್ರಶಾಸ್ತ್ರದ ಗ್ರಂಥವೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಾರದು. ಫೋರ್ಕನ್ನು ಮಾತ್ರ ಬದಲಾಯಿಸೋಣವೆಂದರೆ, ಮಿತ್ರರ ಸೈಕಲ್ಲಿನ ಫೋರ್ಕಿನ ಕತ್ತು ಹಳೆಯ ಒಂದು ಅಂಗುಲದ ಅಳತೆಯದು. ಈಗಿನ ಡಿಸ್ಕ್ ಫೋರ್ಕುಗಳಲ್ಲಿ ಹೆಚ್ಚಿನವು ಅದಕ್ಕಿಂತ ದಪ್ಪನಾದ ಕತ್ತಿನವು. ಮೊದಲ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾಯಿತು.

ಉಕ್ಕೇ ಏಕೆ?

ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೆಯ ಒಂದರಷ್ಟು ಭಾರ. ಆದರೆ ಬಾಗುವಿಕೆಯನ್ನು ತಡೆಯುವ ಅದರ ಬಿಗಿತವೂ ಉಕ್ಕಿನ ಮೂರನೆಯ ಒಂದರಷ್ಟೇ. ಆದುದರಿಂದ ಆ ಲೋಹದಲ್ಲಿ ಕೊಳವೆಗಳನ್ನು ದಪ್ಪಗೆ ಮಾಡಬೇಕಾಗುತ್ತದೆ. ಉಕ್ಕಿನ ಫ್ರೇಮು ಸುಮಾರು ಎರಡು ಕಿಲೋಗ್ರಾಂ ತೂಗುತ್ತದೆ. ಅಂಗಾರ ತಂತುವಿನ ಫ್ರೇಮು ಅದರ ಅರ್ಧದಷ್ಟಿರಬಹುದು. ಪಂದ್ಯದ ಸವಾರನಿಗೆ ಇದು ದೊಡ್ಡ ಅಂತರ. ಬೆನ್ನಿಗೆ ಚೀಲವನ್ನೂ ಬುತ್ತಿಯನ್ನೂ ಕಟ್ಟಿಕೊಂಡು ಹೊರಡುವವನಿಗೆ ಅಷ್ಟು ದೊಡ್ಡದಲ್ಲ. ಇದಕ್ಕೆ ಪ್ರತಿಯಾಗಿ ಉಕ್ಕಿನಲ್ಲಿ ಎರಡು ಸದ್ಗುಣಗಳಿವೆ. ಒಂದು ಮಿತಿಯೊಳಗಿನ ಅಲುಗಾಟವನ್ನು ಉಕ್ಕು ಎಷ್ಟು ಲಕ್ಷ ಸಾರಿಯಾದರೂ ದಣಿಯದೆ ತಾಳಿಕೊಳ್ಳುತ್ತದೆ; ಅಲ್ಯೂಮಿನಿಯಮಿಗೆ ಅಂಥ ಖಚಿತವಾದ ಮಿತಿಯಿಲ್ಲ. ಮತ್ತು ಉಕ್ಕಿನ ಫ್ರೇಮು ಬಿರುಕು ಬಿಟ್ಟರೆ ನುರಿತ ಬೆಸುಗೆಗಾರನು ಅದನ್ನು ಸರಿಪಡಿಸಬಲ್ಲನು.

ಉಕ್ಕುಗಳಲ್ಲಿಯೂ ಭೇದಗಳಿವೆ. ಇಲ್ಲೊಂದು ಸೋಜಿಗವನ್ನು ಗಮನಿಸಬೇಕು: ಅಗ್ಗದ ಉಕ್ಕಿನ ಬಿಗಿತವೂ ಅತ್ಯುತ್ತಮ ಉಕ್ಕಿನ ಬಿಗಿತವೂ ಹೆಚ್ಚುಕಡಿಮೆ ಒಂದೇ. ಭೇದವಿರುವುದು ಗಟ್ಟಿತನದಲ್ಲಿ. ಶೇಕಡಾ ಒಂದರಷ್ಟು ಕ್ರೋಮಿಯಮ್ಮನ್ನೂ ಶೇಕಡಾ 0.2ರಷ್ಟು ಮಾಲಿಬ್ಡಿನಮ್ಮನ್ನೂ ಬೆರೆಸಿದ ಉಕ್ಕು, ಅಂದರೆ ಅಂಗಡಿಯವರ ಮಾತಿನ 'ಕ್ರೋಮೋಲಿ', ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಅದರ ಕೊಳವೆಯ ಗೋಡೆಯನ್ನು ತೆಳ್ಳಗೆ ಎಳೆಯಬಹುದು. ಬೆಸುಗೆಯ ಶಾಖ ತಗಲುವ ತುದಿಗಳನ್ನು ದಪ್ಪಗೆ ಉಳಿಸಿ ನಡುಭಾಗವನ್ನು ಮಾತ್ರ ತೆಳುವಾಗಿಸುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಮೊಳೆ ತಯಾರಕರ ಮನೆತನದ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಪೇಟೆಂಟನ್ನು ಕೋರಿದನು. ಆ ಸಂಸ್ಥೆಯ ಪ್ರಸಿದ್ಧವಾದ '531' ಉಕ್ಕು ಬಂದದ್ದು 1935ರಲ್ಲಿ. ಇಂದಿಗೂ ಒಳ್ಳೆಯ ಫ್ರೇಮಿನ ಕೊಳವೆ ತುದಿಗಳಲ್ಲಿ 0.9 ಮಿಲಿಮೀಟರು, ನಡುವೆ 0.6 ಮಿಲಿಮೀಟರು ಎಂಬಂಥ ಅಳತೆಯಲ್ಲಿರುತ್ತದೆ.

ಕೊಳ್ಳುವ ಮುನ್ನ

ಹೆಸರಾಂತ ಕೊಳವೆಯ ಚೀಟಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲವೆಂಬುದು ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ. ಸಾಧಾರಣ ಕ್ರೋಮೋಲಿಯೇ ಸಾಕು. 'ಹೈ-ಟೆನ್' ಎಂದು ಬರೆದಿರುವ ಫ್ರೇಮು ಅಗ್ಗವಾದರೂ ಭಾರವಾಗಿರುತ್ತದೆ. ಮಾರುವವನ ಮಾತಿನಲ್ಲಿ ಅನುಮಾನವಿದ್ದರೆ ಜೇಬಿನಲ್ಲೊಂದು ಅಯಸ್ಕಾಂತವಿರಲಿ. ಅದು ಉಕ್ಕಿಗೆ ಅಂಟುತ್ತದೆ, ಅಲ್ಯೂಮಿನಿಯಮಿಗೂ ಅಂಗಾರ ತಂತುವಿಗೂ ಅಂಟುವುದಿಲ್ಲ. ಫೋರ್ಕನ್ನೂ ಹೀಗೆಯೇ ಪರೀಕ್ಷಿಸಬೇಕು. ಹಳೆಯ ಮಾಲಿನಲ್ಲಿ ಅಂಗಾರ ತಂತುವಿನ ಫೋರ್ಕಿನೊಳಗಿನ ಬಿರುಕು ಕಣ್ಣಿಗೆ ಬೀಳದಿರಬಹುದು. ಉಕ್ಕಿನ ಫೋರ್ಕು ಭಾರವಾದರೂ ಅಷ್ಟು ಗುಟ್ಟು ಇಟ್ಟುಕೊಳ್ಳುವುದಿಲ್ಲ.

ಎರಡನೆಯದಾಗಿ ಅಚ್ಚನ್ನು ನೋಡಬೇಕು. ಮುಂದಿನ ಕ್ಯಾಲಿಪರು ಫೋರ್ಕಿನ ಕಾಲಿನ ಹಿಂಬದಿಯಲ್ಲಿರುವುದರಿಂದ ಬ್ರೇಕು ಹಿಡಿದಾಗ ಚಕ್ರದ ಅಚ್ಚು ಕೆಳಮುಖವಾಗಿ, ಫೋರ್ಕಿನ ತೆರೆದ ಬಾಯಿಯತ್ತ, ತಳ್ಳಲ್ಪಡುತ್ತದೆ. ಹಳೆಯ ತೆರೆದ ಬಾಯಿಯ ಏರ್ಪಾಡಿನಲ್ಲಿ ಹಿಡಿಕೆ ಸಡಿಲವಾಗಿದ್ದರೆ ಇದು ಅಪಾಯಕರ. 12 ಮಿಲಿಮೀಟರಿನ ಅಚ್ಚು ಮುಚ್ಚಿದ ರಂಧ್ರದೊಳಗೆ ಹಾದುಹೋಗುವ ಏರ್ಪಾಡಿದ್ದರೆ ಈ ಭಯವಿಲ್ಲ. ಮುಂದೆ 100, ಹಿಂದೆ 142 ಮಿಲಿಮೀಟರು ಅಗಲ ಈಗ ಬಳಕೆಯಲ್ಲಿರುವ ಅಳತೆ.

ಮೂರನೆಯದಾಗಿ, ಎಲ್ಲೆಡೆಯೂ ದೊರಕುವ ಭಾಗಗಳು ಹೊಂದುವ ಫ್ರೇಮನ್ನೇ ಆರಿಸತಕ್ಕದ್ದು. ಪೆಡಲಿನ ಬುಡದಲ್ಲಿ 68 ಮಿಲಿಮೀಟರು ಅಗಲದ, ತಿರುಪಿನ ಮರೆಯಿರುವ ಬಿ.ಎಸ್.ಎ. ಅಳತೆ, ಸೀಟಿನ ಕಂಬಕ್ಕೆ 27.2 ಮಿಲಿಮೀಟರು—ಇವು ಇದ್ದರೆ ಮುಂದಿನ ಹತ್ತು ವರ್ಷಗಳ ಖರ್ಚು ಹಿಡಿತದಲ್ಲಿರುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕು ಹಿತವಾದುದು. ಆದರೆ ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕು ಅಗ್ಗ, ಹಳೆಯ ಹಿಡಿಕೆಗಳಿಗೇ ಹೊಂದುವ ಸಂಭವವುಂಟು, ಹಳ್ಳಿಯ ಸೈಕಲ್ ಷಾಪಿನಲ್ಲಿಯೂ ದುರಸ್ತಿಯಾಗುತ್ತದೆ. ಕ್ಯಾಲಿಪರು ರೋಡ್ ಸೈಕಲ್ಲಿನ ಹಿಡಿಕೆಗೆಂದೇ ಮಾಡಿದ್ದಾಗಿರಬೇಕು. ಗುಡ್ಡದ ಸೈಕಲ್ಲಿನದಾದರೆ ತಂತಿಯ ಎಳೆತ ಸಾಲದು.

ನಾಲ್ಕನೆಯದಾಗಿ, 'ರೋಡ್' ಎಂಬ ಹೆಸರಿಗೇ ಅಂಟಿಕೊಳ್ಳಬೇಕಾಗಿಲ್ಲ. ದೂರಪ್ರಯಾಣಕ್ಕೂ ಜಲ್ಲಿರಸ್ತೆಗೂ ಮಾಡಿದ ಉಕ್ಕಿನ ಫ್ರೇಮುಗಳು ರಸ್ತೆಯಲ್ಲಿಯೂ ಚೆನ್ನಾಗಿ ಓಡುತ್ತವೆ. ಅಗಲವಾದ ಟೈರುಗಳಿಗೆ ಎಡೆಯಿರುವುದು ನಮ್ಮ ರಸ್ತೆಗಳಿಗೆ ಒಂದು ವರವೇ ಸರಿ. ಬಳಸಿದ ಫ್ರೇಮಾದರೆ ಕೆಳಗಿನ ಓರೆ ಕೊಳವೆಯು ತಲೆಯ ಕೊಳವೆಯನ್ನು ಸೇರುವೆಡೆಯ ಅಡಿಭಾಗದಲ್ಲಿ ಬೆರಳಾಡಿಸಬೇಕು. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಆ ಸೈಕಲ್ಲು ಎದುರಿಗೆ ಡಿಕ್ಕಿ ಹೊಡೆದಿರಬಹುದೆಂದು ತಿಳಿದು ಹಿಂದಿರುಗುವುದು ಲೇಸು. ಕೊಂಡ ಬಳಿಕ ಕೊಳವೆಗಳೊಳಗೆ ಅಗಸೆ ಎಣ್ಣೆಯನ್ನು ಸವರಿ ಒಣಗಿಸಿದರೆ, ಕರಾವಳಿಯ ಉಪ್ಪುಗಾಳಿಗೆ ಬೇಗನೆ ತುಕ್ಕು ಹಿಡಿಯದು.

ಇಷ್ಟೆಲ್ಲದರ ಮೇಲೆ, ಫ್ರೇಮು ಸವಾರನ ಮೈಗೆ ಹೊಂದಬೇಕು. ಅಳತೆ ತಪ್ಪಿದ ಫ್ರೇಮು ಧರ್ಮಕ್ಕೆ ಸಿಕ್ಕರೂ ದುಬಾರಿಯೇ.

ನಮ್ಮ ಮಿತ್ರರು ನಾಲ್ಕು ತಿಂಗಳು ತಾಳ್ಮೆಯಿಂದ ಹುಡುಕಿ, ದೂರಪ್ರಯಾಣಕ್ಕಾಗಿ ಮಾಡಿದ, ಒಬ್ಬರು ಬಳಸಿ ಬಿಟ್ಟ ಕ್ರೋಮೋಲಿ ಫ್ರೇಮೊಂದನ್ನು ಕೊಂಡರು. ಹಳೆಯ ಸೈಕಲ್ಲಿನ ಹಿಡಿಕೆ, ಸೀಟು, ಪೆಡಲುಗಳು ಅದಕ್ಕೆ ವರ್ಗವಾದವು. ತಂತಿಯ ಡಿಸ್ಕ್ ಬ್ರೇಕು ಬಂತು. ಚಕ್ರಗಳಿಗೆ ಮಾತ್ರ ಹೊಸದಾಗಿ ಹಣ ತೆರಬೇಕಾಯಿತು. ಹಳೆಯ ಫ್ರೇಮನ್ನು ಅವರು ಮಾರಲಿಲ್ಲ. ಬೇಸಗೆಯ ಒಣ ರಸ್ತೆಯಲ್ಲಿ ಅದರ ಬ್ರೇಕು ಇಂದಿಗೂ ಸಾಕಷ್ಟು ಒಳ್ಳೆಯದು. ಮಳೆ ಹಿಡಿದಾಗ ಮಾತ್ರ ಅದು ಜಗುಲಿಯ ಮೇಲಿರುತ್ತದೆ, ಮೇಷ್ಟರು ಘಾಟಿಯಲ್ಲಿರುತ್ತಾರೆ.