ಒಂದು ಬ್ಯಾಟರಿ, ಹನ್ನೆರಡು ದೀಪ

ಕರೆಂಟು ಹೋದ ರಾತ್ರಿ ಓದಬೇಕಾದವನಿಗೆ ಒಂದು 12 ವೋಲ್ಟಿನ ಬ್ಯಾಟರಿಯೂ ಹಿಡಿಯಷ್ಟು ಬಿಳಿ ಎಲ್.ಇ.ಡಿ.ಗಳೂ ದೊರೆತರೆ ಸಾಕೆಂದು ಹಲವರ ಭಾವನೆ. ಆದರೆ ಅದೇ ಬ್ಯಾಟರಿ, ಅವೇ ಹನ್ನೆರಡು ದೀಪ. ತಂತಿ ಜೋಡಿಸಿದ ಬಗೆ ಒಂದಾದರೆ ಎರಡು ರಾತ್ರಿಯ ಬೆಳಕು, ಇನ್ನೊಂದಾದರೆ ಆರು ರಾತ್ರಿಯದು. ಇದು ಹೇಗೆಂಬುದನ್ನು ನಮ್ಮ ಕಲಾವಿಭಾಗದವರಿಗೂ ತಿಳಿಯುವಂತೆ ಹೇಳುವುದು ನನ್ನ ಉದ್ದೇಶ. ಬೇಕಾಗುವ ಗಣಿತ ಗುಣಾಕಾರ ಭಾಗಾಕಾರಗಳನ್ನು ಮೀರುವುದಿಲ್ಲ.

ಮೊದಲು ದೀಪದ ಸ್ವಭಾವವನ್ನು ನೋಡೋಣ. ಹಳೆಯ ಬಲ್ಬಿನ ತಂತಿ ಕಾದಷ್ಟೂ ಅದರ ರೋಧ ಹೆಚ್ಚಿ, ಪ್ರವಾಹಕ್ಕೆ ತಾನೇ ಕಡಿವಾಣ ಹಾಕುತ್ತಿತ್ತು. ಎಲ್.ಇ.ಡಿ.ಗೆ ಆ ಸಂಯಮವಿಲ್ಲ. ಬಿಳಿಯದೆಂದು ನಾವು ಕರೆಯುವುದು ಸಾಮಾನ್ಯವಾಗಿ ಹಳದಿ ಲೇಪ ಹೊದ್ದ ನೀಲಿ ಎಲ್.ಇ.ಡಿ.ಯೇ, ಆ ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಸಣ್ಣದೊಂದು ಬಿಳಿ ದೀಪ ಸುಮಾರು 3.2 ವೋಲ್ಟಿನಲ್ಲಿ 20 ಮಿಲಿಆಂಪಿಯರ್ ಪ್ರವಾಹವನ್ನೆಳೆದು ಚೆನ್ನಾಗಿ ಬೆಳಗುತ್ತದೆ. ಅಲ್ಲಿಂದಾಚೆ ವೋಲ್ಟೇಜು ತುಸು ಏರಿದರೂ ಪ್ರವಾಹ ನುಗ್ಗಿ ಬಂದು ದೀಪ ಸುಟ್ಟುಹೋಗುತ್ತದೆ. ಆದಕಾರಣ ರೆಸಿಸ್ಟರೊಂದನ್ನು ಕಾವಲಿಗಿಡಬೇಕು.

ಈಗ ಒಂದೊಂದು ದೀಪಕ್ಕೂ ಒಂದೊಂದು ರೆಸಿಸ್ಟರನ್ನು ಸೇರಿಸಿ ಬ್ಯಾಟರಿಗೆ ಕಟ್ಟಿದೆವೆನ್ನಿ. ಹನ್ನೆರಡು ವೋಲ್ಟಿನಲ್ಲಿ 3.2 ದೀಪದ ಪಾಲಾದರೆ ಉಳಿದ 8.8 ರೆಸಿಸ್ಟರಿನಲ್ಲಿ ಬರಿಯ ಶಾಖವಾಗಿ ಹೋಗುತ್ತದೆ. ನೂರಕ್ಕೆ ಎಪ್ಪತ್ತಮೂರು ಪಾಲು ನಷ್ಟ! ಕಾವಲುಗಾರನೇ ಕಣಜ ಬರಿದುಮಾಡಿದಂತಾಯಿತು. ಮೂರು ದೀಪಗಳನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಿಸಿದರೆ ಅವು 9.6 ವೋಲ್ಟನ್ನು ಬಳಸಿಕೊಳ್ಳುತ್ತವೆ. ಅದೇ 20 ಮಿಲಿಆಂಪಿಯರ್ ಮೂರರಲ್ಲೂ ಹರಿಯುತ್ತದೆ. ನಷ್ಟ ನೂರಕ್ಕೆ ಇಪ್ಪತ್ತಕ್ಕಿಳಿಯುತ್ತದೆ. ಮೊದಲ ಕ್ರಮದಲ್ಲಿ ಹನ್ನೆರಡು ದೀಪಕ್ಕೆ 240 ಮಿಲಿಆಂಪಿಯರ್ ಬೇಕು. ಮೂರು ಮೂರರ ನಾಲ್ಕು ಸಾಲು ಮಾಡಿದರೆ 80 ಸಾಕು. ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲ. 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೂ ಮೊದಲಿನದು ಹದಿನಾಲ್ಕೂವರೆ ಗಂಟೆ, ಎರಡನೆಯದು ನಲವತ್ತಮೂರು ಗಂಟೆ ಉರಿಯುತ್ತದೆ. ರಾತ್ರಿಗೆ ಏಳು ಗಂಟೆಯಂತೆ ಲೆಕ್ಕ ಹಾಕಿಕೊಳ್ಳಿ.

ಹಾಗಾದರೆ ನಾಲ್ಕನ್ನೇ ಏಕೆ ಪೋಣಿಸಬಾರದು? ನಾಲ್ಕಕ್ಕೆ 12.8 ವೋಲ್ಟ್ ಬೇಕು; ಬ್ಯಾಟರಿಯಲ್ಲಿ ಅಷ್ಟಿಲ್ಲ, ದೀಪ ಮಂಕಾಗುತ್ತದೆ.

ಆದರೆ ಮೂರರ ಸಾಲಿನಲ್ಲೂ ಒಂದು ತೊಡಕಿದೆ; ಅನೇಕರು ಇದನ್ನು ಗಮನಿಸುವುದಿಲ್ಲ. 20 ಮಿಲಿಆಂಪಿಯರಿಗೆಂದು ಲೆಕ್ಕ ಹಾಕಿದರೆ 120 ಓಮಿನ ರೆಸಿಸ್ಟರ್ ಬರುತ್ತದೆ. ಆದರೆ ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟಿನವರೆಗೂ ಏರಬಲ್ಲದು. ಆಗ ರೆಸಿಸ್ಟರಿನ ಪಾಲು 2.4ರಿಂದ 4.8ಕ್ಕೆ, ಪ್ರವಾಹವೂ ಹೆಚ್ಚುಕಡಿಮೆ ಇಮ್ಮಡಿಗೆ ಏರುತ್ತದೆ. ಚಾರ್ಜ್ ಆಗುತ್ತಿರುವಾಗಲೂ ದೀಪ ಹಚ್ಚುವವರು 240 ಓಮಿನದನ್ನು ಹಾಕುವುದು ಕ್ಷೇಮ. ಉಳಿದ ಹೊತ್ತಿನಲ್ಲಿ ಪ್ರವಾಹ ಅರ್ಧಕ್ಕಿಳಿದು ಬೆಳಕು ಕೊಂಚ ಕಡಿಮೆಯಾಗುತ್ತದೆ, ನಿಜ. ಪುಸ್ತಕದ ಹತ್ತಿರಕ್ಕೆ ತಂದಿಟ್ಟುಕೊಂಡರಾಯಿತು.

ರೆಸಿಸ್ಟರ್ ಉಳಿಸಲೆಂದು ನಾಲ್ಕು ಸಾಲಿಗೂ ಒಂದನ್ನೇ ಹಾಕುವ ಜಾಣತನವೂ ಉಂಟು. ಎಲ್ಲ ಎಲ್.ಇ.ಡಿ.ಗಳೂ ಒಂದೇ ಅಚ್ಚಿನಂತಿರುವುದಿಲ್ಲ. ಕಡಿಮೆ ವೋಲ್ಟಿಗೆ ಒಲಿಯುವ ಸಾಲು ಹೆಚ್ಚು ಪ್ರವಾಹವನ್ನೆಳೆದು ಬಿಸಿಯಾಗುತ್ತದೆ. ಬಿಸಿಯಾದಂತೆ ಇನ್ನೂ ಕಡಿಮೆಗೆ ಒಲಿಯುತ್ತದೆ. ಅದು ಸುಟ್ಟು ಕಡಿದುಹೋದರೆ ಅದರ ಪಾಲು ಮಿಕ್ಕವುಗಳ ತಲೆಯ ಮೇಲೆ. ಸಾಲಿಗೊಂದು ರೆಸಿಸ್ಟರ್ ಇರಲೇಬೇಕು.

ದೊಡ್ಡ, 1 ವ್ಯಾಟಿನ ಎಲ್.ಇ.ಡಿ.ಗಳಿಗಾದರೆ ಈ ಉಪಾಯ ಒಗ್ಗದು. ಅವಕ್ಕೆ ಪ್ರವಾಹವನ್ನು ಸ್ಥಿರವಾಗಿಡುವ ಡ್ರೈವರ್ ಕೊಳ್ಳುವುದೇ ಲೇಸು. ಯಾವುದೇ ಆಗಲಿ, ಬ್ಯಾಟರಿಯ ಧನಾಗ್ರದ ಪಕ್ಕದಲ್ಲೇ 1 ಆಂಪಿಯರಿನ ಫ್ಯೂಸ್ ಹಾಕಬೇಕು. 12 ವೋಲ್ಟು ಮೈಗೆ ತಾಕಿದರೆ ಸಾಮಾನ್ಯವಾಗಿ ಶಾಕ್ ಹೊಡೆಯದು. ಆದರೆ ಎರಡು ತಂತಿ ಒಂದಕ್ಕೊಂದು ತಗುಲಿದರೆ ಅವು ಕೆಂಪಗೆ ಕಾದು ಹಾಸಿಗೆಗೆ ಬೆಂಕಿ ಹತ್ತಿಸಬಲ್ಲವು.