ಓವನ್ ಬೇಡ, ಬಾಣಲೆ ಸಾಕು: ಮಕ್ಕಳ ಜೊತೆ ಕ್ರಿಸ್‌ಮಸ್ ಕುಸ್ವಾರ್

ಡಿಸೆಂಬರ್ 25ಕ್ಕೆ ವಾರ ಇರುವಾಗಲೇ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಬಾಣಲೆ ಒಲೆ ಏರುತ್ತೆ. ಹಬ್ಬಕ್ಕೆ ಮಾಡಿ ನೆರೆಹೊರೆಗೆ ಹಂಚುವ ಆ ತಿಂಡಿಗಳೇ ಕುಸ್ವಾರ್. ಅದರಲ್ಲಿರುವ ನೆವ್ರಿ ನಮ್ಮ ಶಿರಾಳಕೊಪ್ಪದವರಿಗೆ ಹೊಸದಲ್ಲ, ಹೆಚ್ಚುಕಮ್ಮಿ ಕರ್ಜಿಕಾಯಿಯೇ.

ಮಕ್ಕಳಿಗೆ ಕೊಡಬೇಕಾದ ಕೆಲಸ ಕುಸ್ವಾರ್‌ನದೇ ಇನ್ನೊಂದು ತಿಂಡಿ, ಕಿಡಿಯೊ. ಮೈದಾಕ್ಕೆ ತೆಂಗಿನಹಾಲು, ಚಿಟಿಕೆ ಉಪ್ಪು ಹಾಕಿ ಮೆತ್ತಗೆ ನಾದಿ. ಗೋಲಿಯಷ್ಟು ಉಂಡೆ ಮಾಡಿ. ತೊಳೆದ ಹೊಸ ಬಾಚಣಿಗೆಯ ಹಲ್ಲಿನ ಮೇಲೆ, ಇಲ್ಲವೇ ಫೋರ್ಕ್‌ನ ಬೆನ್ನ ಮೇಲೆ ಒತ್ತಿ ಚಪ್ಪಟೆ ಮಾಡಿ, ಒಂದು ತುದಿಯಿಂದ ಸುರುಳಿ ಸುತ್ತಿಸಿ. ಆ ಗೆರೆಗಳಲ್ಲೇ ಆಮೇಲೆ ಪಾಕ ಹಿಡಿಯೋದು. ಸೊಟ್ಟಗಾದರೂ ತಿದ್ದಬೇಡಿ; ತಾನು ಸುತ್ತಿದ್ದು ಯಾವುದು ಅಂತ ಮಗು ಗುರುತು ಹಿಡಿಯುತ್ತಲ್ಲ, ಹಬ್ಬದ ಖುಷಿ ಇರೋದೇ ಅಲ್ಲಿ.

ಕರಿಯೋದು ದೊಡ್ಡವರ ಕೆಲಸ. ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ. ಹಾಗಾಗಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರಲಿ. ಆಮೇಲೆ ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿ, ಒಲೆಯಿಂದಿಳಿಸಿ, ಪಾಕ ಒಣಗಿ ಬೆಳ್ಳಗಾಗುವವರೆಗೂ ಕೈಬಿಡದೆ ತಿರುವಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ.

ಈ ಕ್ರಿಸ್‌ಮಸ್‌ಗೆ ನೀವೂ ಮಾಡಿ. ಮೊದಲ ತಟ್ಟೆಯನ್ನು ಮಕ್ಕಳ ಕೈಯಲ್ಲೇ ಪಕ್ಕದ ಮನೆಗೆ ಕಳಿಸಿ.